ಬಿಸಿಲಿಗೆ ಹಿಡಿದ ಹಲಗೆ

ಬಟ್ಟೆಗೆ ಹಾಕುವ ಕ್ಲಿಪ್ಪೊಂದನ್ನು ಸೋಲಾರ್ ಹಲಗೆಯ ಅಂಚಿಗೆ ನೆಟ್ಟಗೆ ಸಿಕ್ಕಿಸಿ, ಅದರ ನೆರಳು ಎತ್ತ ಬೀಳುತ್ತದೆಂದು ಅವಳು ನೋಡಿದಳು. ಎಡಕ್ಕೆ, ಬೆರಳಿನಷ್ಟು ಉದ್ದ. ಹಲಗೆಯ ಹಿಂದಿನ ಊರುಗೋಲನ್ನು ಸ್ವಲ್ಪ ಒಳಕ್ಕೆ ಎಳೆದಾಗ ನೆರಳು ಗಿಡ್ಡವಾಯಿತು. ಮೊಣಕಾಲೂರಿ, ಎರಡೂ ಕೈಯಲ್ಲಿ ಹಿಡಿದು ಇಡೀ ಹಲಗೆಯನ್ನು ಬಲಕ್ಕೆ ಸರಿಸಿದಳು. ನೆರಳು ಕ್ಲಿಪ್ಪಿನ ಬುಡ ಸೇರಿ ಇಲ್ಲವಾಯಿತು. ಅಂದರೆ ಬಿಸಿಲು ಈಗ ನೇರವಾಗಿ ಬೀಳುತ್ತಿದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ದಿನವಿಡೀ ಬಟ್ಟೆಯ ಎಳೆ ನೇರವಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡುವ ಅಭ್ಯಾಸ ಇಲ್ಲೂ ಬಿಟ್ಟಿರಲಿಲ್ಲ, ಅಷ್ಟೇ.

ಹಲಗೆಯಿಂದ ಹೊರಟ ತಂತಿ ಡೇರೆಯೊಳಗಿನ ಬ್ಯಾಟರಿ ಪೆಟ್ಟಿಗೆಗೆ ಸೇರುತ್ತಿತ್ತು. ಬಗ್ಗಿ ಅದರ ಪುಟ್ಟ ಸ್ಕ್ರೀನ್ ನೋಡಿದಳು. ಒಳಬರುವ ಕರೆಂಟಿನ ಅಂಕಿ ಏರಿತ್ತು, ಆದರೆ ಬ್ಯಾಟರಿ ಇನ್ನೂ ಕಾಲು ಭಾಗವೂ ತುಂಬಿರಲಿಲ್ಲ. ಮನೆಯಿಂದ ತುಂಬಿಸಿಕೊಂಡು ಬಂದದ್ದೆಲ್ಲ ನಿನ್ನೆ ರಾತ್ರಿಗೇ ಖರ್ಚಾಗಿತ್ತು. ಸಂಜೆಯೊಳಗೆ ಮತ್ತೆ ತುಂಬಬೇಕು. ತುಂಬಿದರೆ ಗಂಡನ ಯಂತ್ರ ಬೆಳಗಿನವರೆಗೆ ನಡೆಯುತ್ತದೆ, ಅವಳು ಮಲಗಬಹುದು. ತುಂಬದಿದ್ದರೆ ಮಲಗುವ ಹಾಗಿಲ್ಲ.

ಎದ್ದು ನಿಂತ ಮೇಲೆ ನೆನಪಾಗಿ ಸೊಂಟದ ಮೇಲೆ ಕೈಯಿಟ್ಟು ಮುಖ ಕಿವುಚಿದಳು. ಸ್ವಲ್ಪ ತಡವಾಯಿತೇನೋ. ಯಾರೂ ಗಮನಿಸಿದಂತಿರಲಿಲ್ಲ.

"ಅತ್ತಿಗೆ, ಸೂರ್ಯನಿಗೂ ನೀವೇ ದಾರಿ ತೋರಿಸ್ಬೇಕಾ?" ನೀರಿನ ದಂಡೆಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡನ ಗೆಳೆಯ ಹ್ಯಾಂಡ್‌ಬ್ರೇಕ್ ಕೂಗಿ ಕೇಳಿದ. "ಬೆಳಗ್ಗಿಂದ ನೋಡ್ತಿದೀನಿ, ಆ ಹಲಗೆ ಹಿಂದೇನೇ ಇದೀರಿ. ಮಗೂನ ತೊಟ್ಟಿಲಲ್ಲಿ ಹಾಕಿದ ಹಾಗೆ."

"ಬಿಡೋ, ಅವಳ ಸೊಂಟ, ಅವಳ ಹಲಗೆ" ಎಂದು ಗಂಡ ನಕ್ಕ. ನಗುತ್ತ ಅವಳ ಕಡೆ ನೋಡಲಿಲ್ಲ.

ಗಂಡನೂ ಹ್ಯಾಂಡ್‌ಬ್ರೇಕೂ ಒಂದೇ ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿಸುವವರು. ಕಲಿಯುವವರು ಕೊಂಚ ತಪ್ಪಿದರೂ ಸರಕ್ಕನೆ ಹ್ಯಾಂಡ್‌ಬ್ರೇಕ್ ಎಳೆಯುತ್ತಾನೆಂದು ಅವನಿಗೆ ಆ ಹೆಸರು ಬಂದಿತ್ತು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಆಕೆ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಪಾರ್ಲರ್ ಇಟ್ಟುಕೊಂಡವಳು, ಯಾರನ್ನು ಕಂಡರೂ ಮೊದಲು ಕೂದಲು ನೋಡುವವಳು. ವಾರಾಂತ್ಯದ ರಜೆಗೆ ಇನ್ನೊಂದು ದಿನ ಸೇರಿಸಿಕೊಂಡು ನಾಲ್ವರೂ ಒಂದೇ ಕಾರಿನಲ್ಲಿ ಇಲ್ಲಿಗೆ ಬಂದಿದ್ದರು. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ, ನಡುವೆ ಹುಲ್ಲು. ಹುಲ್ಲಿನ ಮೇಲೆ ಎರಡು ಡೇರೆ. ಕರೆಂಟಿಲ್ಲ ಎಂಬುದೇ ಈ ಜಾಗದ ಹೆಚ್ಚುಗಾರಿಕೆ ಎಂದು ಹ್ಯಾಂಡ್‌ಬ್ರೇಕ್ ಹೇಳಿದ್ದ. ಬರುವುದು ಬೇಡವೆಂದು ಅವಳು ಎರಡು ಸಲ ಹೇಳಿ ನೋಡಿದ್ದಳು. ಗಂಡ ಅಂಗಡಿಗೆ ಹೋಗಿ ಮಡಿಚುವ ಹಲಗೆಯನ್ನೂ ಬ್ಯಾಟರಿಯನ್ನೂ ತಂದು ಹಜಾರದ ನಡುವೆ ಇಟ್ಟು, "ನೋಡು, ಇನ್ನೇನು ನೆಪ ಹೇಳ್ತೀಯ?" ಎಂದಿದ್ದ.

ಯಂತ್ರ ಅವನದು. ನಿದ್ದೆಯಲ್ಲಿ ಅವನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ಬೇರೆ ಹೆಂಗಸರಿಗೆ ಗಂಡನ ಗೊರಕೆಯಿಂದ ಎಚ್ಚರವಾದರೆ ಅವಳಿಗೆ ಅದು ನಿಂತಾಗ ಎಚ್ಚರವಾಗುತ್ತಿತ್ತು. ಕತ್ತಲಲ್ಲಿ ಮೈಯೆಲ್ಲ ಕಿವಿಯಾಗಿ ಕಾಯುವಳು. ಉಸಿರು ಬರಲಿಲ್ಲವೆಂದರೆ ಭುಜ ಹಿಡಿದು ಅಲುಗಿಸುವಳು. ಅವನು ಮುಳುಗಿ ಎದ್ದವನಂತೆ ಗಾಳಿ ಎಳೆದುಕೊಂಡು ಮಗ್ಗುಲು ಬದಲಿಸಿ ಮತ್ತೆ ಮಲಗುವನು, ಬೆಳಿಗ್ಗೆ ಅವನಿಗೆ ಒಂದೂ ನೆನಪಿರುತ್ತಿರಲಿಲ್ಲ. ಹಾಗೆ ವರ್ಷಗಳು ಹೋದವು. ಒಂದು ದಿನ ಪಾಠ ಹೇಳುತ್ತಿದ್ದಾಗ, ಹೊಸದಾಗಿ ಕಲಿಯುತ್ತಿದ್ದ ಹುಡುಗಿಯೊಬ್ಬಳ ಪಕ್ಕದ ಸೀಟಿನಲ್ಲಿ ಅವನ ಕಣ್ಣು ಮುಚ್ಚಿಹೋಯಿತು. ಏನೂ ಆಗಲಿಲ್ಲ, ಹುಡುಗಿ ತಾನೇ ಗಾಡಿ ನಿಲ್ಲಿಸಿ ಅವನನ್ನು ಎಬ್ಬಿಸಿದಳು. ಆಮೇಲೆಯೇ ಡಾಕ್ಟರು, ಪರೀಕ್ಷೆ, ಯಂತ್ರ.

ಡಾಕ್ಟರು ಎಲ್ಲ ವಿವರಿಸಿದ ಮೇಲೆ, "ಒಂದೆರಡು ರಾತ್ರಿ ತಪ್ಪಿದ್ರೆ ಪ್ರಾಣಕ್ಕೇನೂ ಆಗಲ್ಲ, ಮಗ್ಗುಲಾಗಿ ಮಲಗಿ ಸಾಕು. ರೂಢಿ ಮಾತ್ರ ಮಾಡ್ಕೋಬೇಡಿ" ಎಂದಿದ್ದರು. ಆಮೇಲೆ ಅವಳ ಕಡೆ ತಿರುಗಿ, "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತು?" ಎಂದು ಕೇಳಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಗಂಡ ನಕ್ಕು, "ಇವಳಿಗೇನು ಡಾಕ್ಟ್ರೇ, ತಲೆ ದಿಂಬಿಗೆ ತಾಗಿದ್ರೆ ಸಾಕು" ಎಂದಿದ್ದ.

ಮೂಗಿಗೆ ಕಟ್ಟುವ ಮುಖವಾಡ, ಅದಕ್ಕೊಂದು ಕೊಳವೆ, ಕೊಳವೆಯ ತುದಿಯಲ್ಲಿ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದು ಬಂದ ಮೇಲೂ ಅವಳ ನಿದ್ದೆ ಅರ್ಧಂಬರ್ಧವೇ. ಮುಖವಾಡ ಸರಿದರೆ ಬುಸ್ ಎನ್ನುವುದು, ಆಗ ಎದ್ದು ಪಟ್ಟಿ ಬಿಗಿಮಾಡಬೇಕು. ಆದರೂ ಅರ್ಧವಾದರೂ ಇತ್ತು.

ಹೊರಡುವ ಹಿಂದಿನ ದಿನ ಗಂಡ, "ಅವರಿಗೆ ಹೇಳ್ಬೇಡ" ಎಂದ. "ನಿಂಗೆ ಸೊಂಟ ನೋವು, ರಾತ್ರಿಯೆಲ್ಲ ಬಿಸಿ ಪ್ಯಾಡ್ ಬೇಕು ಅಂದಿದೀನಿ." ಕೇಳದೆಯೇ ಕೊಟ್ಟ ಆ ಸೊಂಟನೋವನ್ನು ಅವಳು ನಿನ್ನೆಯಿಂದ ಹೊತ್ತುಕೊಂಡು ತಿರುಗುತ್ತಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ ಹ್ಯಾಂಡ್‌ಬ್ರೇಕ್, "ಅತ್ತಿಗೆ, ರಾತ್ರಿ ನಿಮ್ಮ ಪ್ಯಾಡು ಬುಸುಗುಡ್ತಿತ್ತಲ್ಲ, ಒಳಗೆ ಹಾವೇನಾದ್ರೂ ಸಾಕಿದೀರಾ?" ಎಂದು ಕೇಳಿದ್ದ. "ಅದರಲ್ಲಿ ಫ್ಯಾನ್ ಇದೆ ಕಣೋ" ಎಂದು ಗಂಡ ಹೇಳಿದ್ದ. ಬಿಸಿ ಪ್ಯಾಡಿಗೆ ಫ್ಯಾನ್ ಯಾಕೆಂದು ಕೇಳುವಷ್ಟು ಹ್ಯಾಂಡ್‌ಬ್ರೇಕ್ ಯೋಚಿಸಲಿಲ್ಲ.

ಅವಳು ಪಾತ್ರೆ ತೊಳೆದು ಬಂದು ಮತ್ತೆ ಬ್ಯಾಟರಿ ನೋಡಿದರೆ ಅಂಕಿ ಏರುವ ಬದಲು ನಿಂತುಬಿಟ್ಟಿತ್ತು. ಪೆಟ್ಟಿಗೆಗೆ ಇನ್ನೊಂದು ತಂತಿ ಸಿಕ್ಕಿಸಿತ್ತು. ತಂತಿಯ ಇನ್ನೊಂದು ತುದಿಯಲ್ಲಿ ಹ್ಯಾಂಡ್‌ಬ್ರೇಕಿನ ಹಾಡಿನ ಡಬ್ಬ. ಅದನ್ನು ಕಿತ್ತು ಹುಲ್ಲಿನ ಮೇಲಿಟ್ಟಳು.

"ಅಯ್ಯೋ, ಹಾಡು ಕೇಳೋಕೂ ಕರೆಂಟಿಲ್ವಾ?" ಅವನು ಓಡಿ ಬಂದ. "ಕರೆಂಟ್ ಆಫೀಸ್ನೋರೂ ಇಷ್ಟು ಬೇಗ ಫ್ಯೂಸ್ ಕೀಳಲ್ಲ ಅತ್ತಿಗೆ."

"ಸೊಂಟ ಬಿಡಲ್ಲ ಕಣಪ್ಪ."

"ನಿಮ್ಮ ಸೊಂಟ ನಮ್ಮ ಹಾಡಿಗಿಂತ ಜಾಸ್ತಿ ತಿನ್ನತ್ತೆ ಬಿಡಿ."

ಗಂಡ ದೂರದಿಂದ ಕೈ ಎತ್ತಿ ತೋರಿಸಿದ. ಬಿಡು ಎಂಬಂತೆಯೂ ಇತ್ತು, ಸರಿ ಮಾಡಿದೆ ಎಂಬಂತೆಯೂ ಇತ್ತು. ಸ್ವಲ್ಪ ಹೊತ್ತಿನಲ್ಲಿ ಗಂಡಸರಿಬ್ಬರೂ ಬಾಡಿಗೆ ದೋಣಿಯಲ್ಲಿ ಆಚೆ ದಡಕ್ಕೆ ಹೊರಟರು. ಹೋಗುವಾಗ ಗಂಡ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ತಿರುಗಿಸ್ತಾ ಇರು" ಎಂದ.

ಅವಳು ತಿರುಗಿಸಿದಳು. ಹಲಗೆಯ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಡೇರೆಯ ಹಗ್ಗದ ನೆರಳು ಸಣ್ಣ ಗೆರೆಯಾಗಿ ಹಲಗೆಯ ಮೇಲೆ ಬಿದ್ದದ್ದಕ್ಕೇ ಅಂಕಿ ಇಳಿದದ್ದನ್ನು ಕಂಡು ಹಗ್ಗ ಬಿಚ್ಚಿ ಇನ್ನೊಂದು ಕಡೆಗೆ ಕಟ್ಟಿದಳು. ಬ್ಯಾಟರಿ ಅರ್ಧದ ಹತ್ತಿರ ಬಂದಿತ್ತು. ಹೀಗೇ ಬಿಸಿಲಿದ್ದರೆ ಸಂಜೆಗೆ ತುಂಬುವುದು ಖಂಡಿತ.

"ಅಕ್ಕ, ಬನ್ನಿ ಇಲ್ಲಿ." ಪಾರ್ಲರಿನಾಕೆ ಮರದ ಕೆಳಗೆ ಚಾಪೆ ಹಾಸಿ, ಪಕ್ಕದಲ್ಲಿ ಎಣ್ಣೆ ಶೀಶೆ ಇಟ್ಟುಕೊಂಡು ಕೂತಿದ್ದಳು. "ಮಲಗಿ. ಸೊಂಟ ಒತ್ತಿಕೊಡ್ತೀನಿ."

"ಬೇಡಮ್ಮ, ರಜಕ್ಕೆ ಬಂದೋಳು ನೀನು. ಇಲ್ಲೂ ಅದೇ ಕೆಲಸಾನಾ?"

"ನೀವು ಬೆಳಗ್ಗಿಂದ ಮಾಡ್ತಿರೋದೇನು? ಸುಮ್ನೆ ಬನ್ನಿ ಅಕ್ಕ. ನೋವು ಅಂತ ನರಳ್ತಾ ಓಡಾಡ್ತಿರೋರ್ನ ನೋಡ್ತಾ ಕೂತ್ಕೊಳ್ಳೋಕೆ ನಂಗಾಗಲ್ಲ."

ಇಲ್ಲವೆಂದರೆ ನೋವು ಸುಳ್ಳೆಂದಾಗುತ್ತದೆ. ಅವಳು ಹೋಗಿ ಚಾಪೆಯ ಮೇಲೆ ಬೋರಲಾಗಿ ಮಲಗಿದಳು. ಪಾರ್ಲರಿನಾಕೆಯ ಹೆಬ್ಬೆರಳು ಸೊಂಟದ ಎರಡೂ ಕಡೆ ಇಳಿದು, ಅಲ್ಲೇ ಸ್ವಲ್ಪ ತಡೆದು ಹುಡುಕಿತು.

"ಇಲ್ಲೇನೂ ಗಂಟಿಲ್ಲವಲ್ಲ ಅಕ್ಕ. ಬೆಣ್ಣೆ ಹಾಗಿದೆ." ಕೈ ಮೇಲೇರಿತು. ಬೆನ್ನು, ಹೆಗಲು, ಕುತ್ತಿಗೆ. "ಅಯ್ಯಯ್ಯೋ. ಇರೋದೆಲ್ಲ ಇಲ್ಲಿದೆ. ಇದೇನಕ್ಕ ಕುತ್ತಿಗೇನಾ, ಕಲ್ಲಾ? ಯಾವಾಗ್ಲೂ ಯಾರೋ ಕರೀತಾರೆ ಅಂತ ಕಾಯ್ತಿರೋರ ಹಾಗಿದೆ."

"ಹೊಲಿಗೆ ಕೆಲಸ ಅಲ್ವಾ" ಎಂದಳು ಅವಳು ಚಾಪೆಗೆ ಮುಖ ಒತ್ತಿ.

ಪಾರ್ಲರಿನಾಕೆ ಒತ್ತುತ್ತ ಮಾತಾಡುತ್ತಿದ್ದಳು. ಹುಬ್ಬು ತಿದ್ದಿಸಿಕೊಳ್ಳುವಾಗ ಅಳುವ ಗಿರಾಕಿ, ಬಣ್ಣ ಹಚ್ಚಿಸಿಕೊಂಡು ಮನೆಗೆ ಹೋಗಿ ಗಂಡ ಗಮನಿಸಲಿಲ್ಲವೆಂದು ಮರುದಿನ ಜಗಳಕ್ಕೆ ಬಂದವಳು. "ನಾನೇನ್ ಮಾಡ್ಲಿ ಅಕ್ಕ, ಕೂದಲಿಗೆ ಬಣ್ಣ ಹಚ್ಬೋದು, ಅವಳ ಗಂಡನ ಕಣ್ಣಿಗೆ ಏನು ಹಚ್ಲಿ?" ಅವಳಿಗೆ ನಗು ಬಂತು. ನಗು ಪೂರ್ತಿ ಹೊರಬರಲಿಲ್ಲ. ಬೆರಳುಗಳು ಕಿವಿಯ ಹಿಂದೆ, ತಲೆಬುರುಡೆಯ ಅಂಚಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದವು. ಮನೆಯಲ್ಲಿ ಅವಳ ತಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಇನ್ನೊಂದು ನಿಮಿಷ ಬಿಟ್ಟು ಎದ್ದು ಹಲಗೆ ತಿರುಗಿಸಬೇಕು ಎಂದುಕೊಂಡಳು. ಎಲೆಗಳ ಸದ್ದು ದೂರ ಹೋಯಿತು.

ಎಚ್ಚರವಾದಾಗ ತಾನೆಲ್ಲಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಕೆನ್ನೆಯ ಮೇಲೆ ಚಾಪೆಯ ಅಚ್ಚು ಮೂಡಿತ್ತು. ತುಟಿಯಂಚಿನಲ್ಲಿ ಜೊಲ್ಲು ಒಣಗಿತ್ತು. ಮೈಮೇಲೆ ಯಾರೋ ತೆಳ್ಳನೆಯ ಶಾಲು ಹೊದಿಸಿದ್ದರು. ಕುತ್ತಿಗೆ ಹೊರಳಿಸಿದಳು, ಅದು ಸದ್ದಿಲ್ಲದೆ ಹೊರಳಿತು. ಮೈ ತನ್ನದಲ್ಲವೆನ್ನುವಷ್ಟು ಹಗುರವಾಗಿತ್ತು. ಚಿಕ್ಕವಳಿದ್ದಾಗ ಜ್ವರ ಬಿಟ್ಟ ಮರುದಿನ ಹೀಗಿರುತ್ತಿತ್ತು. ಹಾಗೇ ಬಿದ್ದುಕೊಂಡು ಮೇಲೆ ನೋಡಿದಳು. ಎಲೆಗಳ ನಡುವಿನ ಬೆಳಕು ಹಳದಿಗೆ ತಿರುಗಿತ್ತು.

ಹಳದಿ. ಅವಳು ದಡಕ್ಕನೆ ಎದ್ದು ಕೂತಳು.

ಡೇರೆಯ ಮುಂದಿನ ಹುಲ್ಲಿನಲ್ಲಿ ಹಲಗೆ ಇರಲಿಲ್ಲ. ಅವಳಿಂದ ನಾಲ್ಕು ಮಾರು ದೂರದಲ್ಲಿ, ಅದೇ ಮರದ ದಟ್ಟ ನೆರಳಿನಲ್ಲಿ, ಬುಡಕ್ಕೆ ಒರಗಿ ಅಚ್ಚುಕಟ್ಟಾಗಿ ನಿಂತಿತ್ತು. ತಂತಿಯನ್ನೂ ಯಾರೂ ಎಡವದಂತೆ ಸುತ್ತಿ ಬದಿಗಿಟ್ಟಿತ್ತು.

"ಎದ್ರಾ ಅಕ್ಕ? ಎಂಥಾ ನಿದ್ದೆ! ಗಂಡಸರು ಬಂದು ಗಲಾಟೆ ಮಾಡಿದ್ರೂ ನಿಮಗೆ ಗೊತ್ತಾಗ್ಲಿಲ್ಲ." ಪಾರ್ಲರಿನಾಕೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ ಹೇಳಿದಳು. ಅವಳ ನೋಟ ಎಲ್ಲಿದೆಯೆಂದು ಕಂಡು, "ಅದಾ? ನಾನೇ ಎಳೆದಿಟ್ಟೆ. ಮುಟ್ಟಿದ್ರೆ ಕೈ ಸುಡ್ತಿತ್ತು! ನನ್ ಕೂದಲು ನೇರ ಮಾಡೋ ಮೆಷಿನ್ ಹೀಗೇ ಕಾದೂ ಕಾದೂ ಸುಟ್ಟುಹೋಯ್ತು. ಇದೂ ಹೋದ್ರೆ ನಿಮ್ಮ ಸೊಂಟದ ಗತಿ ಏನು ಅಂತ ಆಗ್ಲೇ, ನೀವು ಮಲಗಿದ ಕೂಡ್ಲೇ ನೆರಳಿಗೆ ತಂದೆ" ಎಂದಳು. "ಬೆಳಕಂತೂ ಇಲ್ಲೂ ಇದೆಯಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ. ಆ ಮುಖ ನೋಡಿ ಸಿಟ್ಟು ಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ. "ಒಳ್ಳೇದಾಯ್ತಮ್ಮ" ಎಂದು ಹಲಗೆ ಹೊತ್ತುಕೊಂಡು ಹೋಗಿ ಬಿಸಿಲು ಉಳಿದಿದ್ದ ಕಡೆ ನಿಲ್ಲಿಸಿ ತಂತಿ ಸಿಕ್ಕಿಸಿದಳು. ಗುಡ್ಡದ ನೆರಳು ಹುಲ್ಲಿನ ಮೇಲೆ ಆಗಲೇ ಹರಿದು ಬರುತ್ತಿತ್ತು. ಅವಳು ಹಲಗೆಯನ್ನೂ ಬ್ಯಾಟರಿಯನ್ನೂ ನೆರಳಿನ ಮುಂದೆ ಮುಂದೆ ಒಯ್ದಳು, ನೀರಿನ ಅಂಚಿನವರೆಗೂ. ಅಲ್ಲಿಗೂ ನೆರಳು ಬಂತು. ಒಳಬರುವ ಕರೆಂಟು ಸೊನ್ನೆಯಾಯಿತು. ಬ್ಯಾಟರಿ ಅರ್ಧಕ್ಕಿಂತ ಕೆಳಗೇ ನಿಂತಿತ್ತು.

"ಅಕ್ಕ, ಈಗ ಹೇಗಿದೆ ಸೊಂಟ?" ಪಾರ್ಲರಿನಾಕೆ ಗಂಡಸರ ಮುಂದೆಯೇ ಕೇಳಿದಳು.

"ಪೂರ್ತಿ ಹೋಯ್ತು. ನಿನ್ನ ಕೈಯಲ್ಲಿ ಏನೋ ಇದೆ ಕಣಮ್ಮ."

"ಕೇಳಿದ್ರಾ ಭಾವ? ಇನ್ನು ನಿಮ್ಮ ಪ್ಯಾಡೂ ಬೇಡ, ಹಲಗೆಯೂ ಬೇಡ!"

"ಹಾಗಾದ್ರೆ ರಾತ್ರಿ ಹಾಡು ಹಾಕ್ಬೋದು!" ಹ್ಯಾಂಡ್‌ಬ್ರೇಕ್ ಚಪ್ಪಾಳೆ ತಟ್ಟಿದ. ಗಂಡನೂ ನಕ್ಕ. ನಗು ಮುಗಿಯುವ ಮೊದಲೇ ಅವನ ಕಣ್ಣು ಬ್ಯಾಟರಿಯ ಕಡೆ ಹೋಗಿತ್ತು. ಆಮೇಲೆ, "ಬಾ, ಡಿಕ್ಕಿಯಿಂದ ಒಲೆ ತೆಗೀಬೇಕು" ಎಂದು ಅವಳನ್ನು ಕಾರಿನ ಹಿಂದಕ್ಕೆ ಕರೆದೊಯ್ದ.

"ಎಷ್ಟಿದೆ?"

"ಅರ್ಧ ಇಲ್ಲ."

"ನಡುರಾತ್ರಿಗೇ ನಿಂತೋಗತ್ತೆ." ಡಿಕ್ಕಿಯ ಮುಚ್ಚಳ ಎತ್ತಿ ಅದರ ಮರೆಯಲ್ಲಿ ನಿಂತ. "ಇದೊಂದು ಕೆಲಸ ಹೇಳಿ ಹೋಗಿದ್ದೆ ನಿಂಗೆ."

"ನಿದ್ದೆ ಬಂತು."

"ಹಗಲು ಹೊತ್ತಲ್ಲಿ ಎಂಥ ನಿದ್ದೆ?"

ಅವಳು ಒಲೆಯನ್ನು ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದಳು. "ಕಾರಿಂದ ಚಾರ್ಜ್ ಮಾಡೋ ತಂತಿ?"

"ಮನೇಲಿದೆ. ಬಿಸಿಲಿರುವಾಗ ಅದ್ಯಾಕೆ ಅಂತ ತರ್ಲಿಲ್ಲ."

"ಹಾಗಾದ್ರೆ ಮನೆಗೆ ಹೋಗೋಣ ರೀ. ಊಟದ ಹೊತ್ತಿಗೆ ತಲುಪಬಹುದು. ನನ್ ಸೊಂಟ ಜಾಸ್ತಿಯಾಯ್ತು ಅಂತ ಹೇಳಿ."

"ಈಗಷ್ಟೇ ಪೂರ್ತಿ ಹೋಯ್ತು ಅಂತ ಎಲ್ಲರ ಮುಂದೆ ಡಂಗುರ ಹೊಡೆದಿದೀಯ."

ಹೌದಲ್ಲ ಎನಿಸಿತು ಅವಳಿಗೆ. ಸುಳ್ಳು ನೋವು ವಾಸಿಯಾದದ್ದೇ ತಪ್ಪಾಗಿತ್ತು. "ಹಾಗಾದ್ರೆ ನಿಜಾನೇ ಹೇಳಿಬಿಡಿ" ಎಂದಳು.

"ತಲೆ ಕೆಟ್ಟಿದ್ಯಾ ನಿಂಗೆ? ಇವನ ಬಾಯಿ ಗೊತ್ತಲ್ಲ, ರಜೆ ಮುಗಿಯೋದ್ರೊಳಗೆ ಸ್ಕೂಲಿಗೆಲ್ಲ ಗೊತ್ತಾಗತ್ತೆ. ನಿದ್ದೆ ಕಾಯಿಲೆಯವನ ಜೊತೆ ಮಕ್ಕಳನ್ನ ಯಾರು ಕಳಿಸ್ತಾರೆ ಗಾಡಿ ಕಲಿಯೋಕೆ? ನನ್ನ ಟೇಬಲ್ ಹಿಂದೆ ಕೂರಿಸ್ತಾರೆ." ಮುಚ್ಚಳದ ಮರೆಯಿಂದ ಇಣುಕಿ ಡೇರೆಗಳ ಕಡೆ ನೋಡಿದ. ಮತ್ತೆ ಮಾತಾಡಿದಾಗ ದನಿ ಮೆತ್ತಗಾಗಿತ್ತು. "ಹೋಗ್ಲಿ ಬಿಡು. ಒಂದು ರಾತ್ರಿ ತಾನೆ? ನೀನಿದೀಯಲ್ಲ. ಗೊರಕೆ ಶುರುವಾದ್ರೆ ಅವರಿಗೆ ಕೇಳೋ ಮೊದ್ಲೇ ಒಂದ್ಸಲ ಅಲುಗಿಸು. ಮುಂಚೆಯೆಲ್ಲ ನೀನೇ ಮಾಡ್ತಿರ್ಲಿಲ್ವಾ? ನಿಂಗೆ ಅಭ್ಯಾಸ ಇದೆ."

ಹೇಳಿ, ಅವಳ ಭುಜ ತಟ್ಟಿದ. ಮೊದಲ ಸಲ ಸ್ಟೇರಿಂಗ್ ಹಿಡಿದು ಗಾಬರಿಯಾದವರ ಭುಜ ತಟ್ಟುವ ರೀತಿ ಅದು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಕೈಯ ಕೆಳಗೆ, ಮಧ್ಯಾಹ್ನ ಸಡಿಲವಾಗಿದ್ದ ಕುತ್ತಿಗೆ ಒಂದೊಂದೇ ಎಳೆಯಾಗಿ ಮತ್ತೆ ಬಿಗಿಯುವುದು ಅವಳಿಗೆ ಗೊತ್ತಾಯಿತು.

"ಹೂಂ" ಎಂದಳು.

ಅವನು ಒಲೆ ಎತ್ತಿಕೊಂಡು ಹೋದ. ಅವಳು ಈರುಳ್ಳಿ ಹೆಚ್ಚಿದಳು, ಅಕ್ಕಿ ತೊಳೆದಳು. ಹ್ಯಾಂಡ್‌ಬ್ರೇಕ್ ಹಾಡು ಕೇಳಿದಾಗ ಬ್ಯಾಟರಿಯ ಕಡೆ ಕೈ ತೋರಿಸಿ, "ಒಂದೇ ಹಾಡು, ಆಮೇಲೆ ಕಿತ್ತುಬಿಡು" ಎಂದಳು. "ಅತ್ತಿಗೆ ಬಂಗಾರ!" ಎಂದು ಅವನು ಕುಣಿದ. ಗಂಡ ಗಾಬರಿಯಿಂದ ಅವಳತ್ತ ನೋಡಿದ. ಅವಳು ಅಕ್ಕಿಯ ನೀರು ಬಸಿಯುತ್ತಿದ್ದಳು.

ಅನ್ನ ಬೇಯುವಷ್ಟರಲ್ಲಿ ಹಾಸಿಗೆ ಸರಿಮಾಡಿ ಬರುತ್ತೇನೆಂದು ಡೇರೆಗೆ ಹೋದಳು. ಎರಡು ಹಾಸಿಗೆ ಅಕ್ಕಪಕ್ಕ ಇದ್ದವು. ಗಂಡನ ಹಾಸಿಗೆ ಕೊಡವಿ ಹಾಸಿದಳು. ಯಂತ್ರವನ್ನು ಅವನ ಕೈಗೆ ಸಿಗುವಂತೆ ತಲೆಯ ಬಳಿ ಇಟ್ಟು ಕೊಳವೆ ಜೋಡಿಸಿದಳು, ಮುಖವಾಡವನ್ನು ಒಳಗೂ ಹೊರಗೂ ಒರೆಸಿದಳು. ಅವನ ದೊಡ್ಡ ಬ್ಯಾಗನ್ನು ಎಳೆದು ತಂದು, ತಾನು ಮಲಗುವ ಜಾಗದಲ್ಲಿ ಉದ್ದಕ್ಕೆ ಇಟ್ಟು, ಅವನ ಹಾಸಿಗೆಗೆ ಒತ್ತಿ ನಿಲ್ಲಿಸಿದಳು. ಬೆನ್ನಿಗೆ ಅದು ತಾಗಿದ್ದರೆ ಅಂಗಾತ ಹೊರಳಲಾರ, ಮಗ್ಗುಲಾಗಿಯೇ ಇರುತ್ತಾನೆ. ಇನ್ನೊಮ್ಮೆ ಒತ್ತಿ ನೋಡಿದಳು. ಅಲುಗಲಿಲ್ಲ.

ಆಮೇಲೆ ತನ್ನ ದಿಂಬನ್ನೂ ಹೊದಿಕೆಯನ್ನೂ ಕಂಕುಳಲ್ಲಿ ಅಮುಕಿಕೊಂಡು ಹಿಂದಿನ ಕಡೆಯಿಂದ ಹೊರಗೆ ಬಂದಳು. ಒಲೆಯ ಹತ್ತಿರ ಮೂವರೂ ನಗುತ್ತಿದ್ದರು. ಪಾರ್ಲರಿನಾಕೆ ಬಣ್ಣ ಹಚ್ಚಿದ ಉಗುರು ಒಣಗಲೆಂದು ಬೆರಳು ಅಗಲಿಸಿ ಹಿಡಿದು ಏನೋ ಕತೆ ಹೇಳುತ್ತಿದ್ದಳು. ಮೂವರ ಬೆನ್ನೂ ಈ ಕಡೆಗಿತ್ತು.

ಕಾರಿನ ಹಿಂದಿನ ಬಾಗಿಲು ತೆರೆದಾಗ ದಿನವಿಡೀ ಕಾದ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿದಳು. ಸೀಟಿನ ಮೇಲಿದ್ದ ಬಿಸ್ಕತ್ತಿನ ಪುಡಿ ಕೊಡವಿ ಹೊದಿಕೆ ಹಾಸಿದಳು. ಕೈಯಾಡಿಸಿದಾಗ ಸೀಟ್‌ಬೆಲ್ಟಿನ ಗಟ್ಟಿ ಕೊಂಡಿಗಳು ಹೊದಿಕೆಯ ಅಡಿಯಲ್ಲಿ ಅಂಗೈಗೆ ಸಿಕ್ಕವು. ಹೊದಿಕೆ ಎತ್ತಿ, ಒಂದೊಂದನ್ನೇ ಹಿಡಿದು ಸೀಟಿನ ಸಂದಿಗೆ ತುರುಕಿದಳು. ಎರಡು ಒಳಗೆ ಹೋದವು. ಮೂರನೆಯದು ಎಷ್ಟು ಒತ್ತಿದರೂ ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಅದರ ಮೇಲೆ ದಿಂಬಿಟ್ಟು, ಬಗ್ಗಿ, ತಲೆ ಒರಗಿಸಿ ನೋಡಿದಳು. ಚುಚ್ಚಲಿಲ್ಲ.